ಹುಗ್ಗಿ ಉಳಿದ ಯುದ್ಧ

ನಮ್ಮೂರಿಗೆ ಯುದ್ಧ ಬರುತ್ತದೆಂದು ಗೊತ್ತಾದರೆ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಕಟ್ಟಿಗೆ ಒಣಗಿದೆಯೇ, ಊಟದ ಎಲೆ ಹಚ್ಚಿ ಮುಗಿದಿದೆಯೇ, ಹುಗ್ಗಿಗೆ ಗೋಧಿ ಕುಟ್ಟಿ ಆಗಿದೆಯೇ ಎಂದು ನೋಡಿಕೊಳ್ಳುತ್ತೇವೆ. ಅದರಲ್ಲೂ ನಾನೇ ನೋಡಿಕೊಳ್ಳಬೇಕು. ನಾನು ನಡುಮನೆಯ ಫಕೀರವ್ವ. ಯಾವ ದೇಶಕ್ಕೆ ಯಾವ ದೇಶದ ಮೇಲೆ ಸಿಟ್ಟು ಬಂದರೂ ಅವರು ಮೊದಲು ಬರುವುದು ನಮ್ಮೂರ ಮಡ್ಡಿಗೆ, ಹೋಗುವ ಮುಂಚೆ ಉಣ್ಣುವುದು ನನ್ನ ಕೈಯ ಅಡುಗೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೂ ಹೇಳುತ್ತಿದ್ದೇನೆ, ತಪ್ಪೇನು?

ಮಡ್ಡಿ ಎಂದರೆ ಎಣ್ಣೆ ಗಾಣದ ಹಿಂದಿನ ಕಲ್ಲುನೆಲ. ಅಲ್ಲಿ ಹುಲ್ಲು ಕೂಡ ಮನಸ್ಸಿಲ್ಲದೆ ಬೆಳೆಯುತ್ತದೆ. ಬಂದವರ ಬಂದೂಕು ನಿಜದ್ದು, ಗುಂಡೂ ನಿಜದ್ದು. ಆದರೆ ಆ ನೆಲದ ಮೇಲೆ ಹಾರಿದ ಗುಂಡು ಯಾರನ್ನೂ ಕೊಲ್ಲುವುದಿಲ್ಲ. ತಗಲಿದವನು ತಲೆಯಿಂದ ಕಾಲಿನವರೆಗೆ ಅರಿಷಿಣ ಬಣ್ಣಕ್ಕೆ ತಿರುಗುತ್ತಾನೆ, ಅಷ್ಟೆ. ಹಳದಿಯಾದವನು ಬದಿಗೆ ಬಂದು ಬೀಡಿ ಹಚ್ಚಿಕೊಂಡು ಕೂರಬೇಕು. ಸಂಜೆ ಜಳಕ ಮಾಡಿದರೆ ಬಣ್ಣ ಹೋಗುತ್ತದೆ. ಎರಡೂ ದೇಶದವರು ನಮ್ಮೂರ ಗಂಡಸರನ್ನೇ ಅರ್ಧ ಅರ್ಧ ಹಂಚಿಕೊಂಡು ಕಾದಾಡಿಸುತ್ತಾರೆ. ನನ್ನ ಮೈದುನ ದ್ಯಾಮಣ್ಣ ಹಳದಿಯಾದಷ್ಟು ಸಲ ಊರಿನಲ್ಲಿ ಇನ್ಯಾರೂ ಆಗಿಲ್ಲ. ಪ್ರತಿ ಸಲವೂ ಮದುಮಗನ ಹಾಗೆ ನಗುತ್ತ ಬಂದು ಕೂರುತ್ತಾನೆ. ಮಡ್ಡಿಯಲ್ಲಿ ತೀರ್ಮಾನವಾದದ್ದನ್ನು ಹೊರಗೆ ಯಾರೂ ಮತ್ತೆ ಕೆದಕುವುದಿಲ್ಲ. ಸೋತವರು ನೆಲ ಬಿಟ್ಟುಕೊಡುತ್ತಾರೆ, ಗೆದ್ದವರು ಹೋಗಿ ಬೇಲಿ ಹಾಕುತ್ತಾರೆ.

ಮಡ್ಡಿಯ ನಟ್ಟನಡುವೆ ನಮ್ಮ ಚಪ್ಪರ. ಯುದ್ಧ ನಡೆಯುವ ಜಾಗದಲ್ಲಿ ಯಾರೋ ಬದುಕುತ್ತಿರುತ್ತಾರಲ್ಲ, ಅವರ ಪಾತ್ರ ನಮ್ಮ ಮನೆತನದ್ದು. ನಮ್ಮ ಮನೆಯ ಹೆಂಗಸೊಬ್ಬಳು ಅಲ್ಲಿ ಒಲೆ ಹೂಡಿ ಅಡುಗೆಗೆ ಕೂರಬೇಕು, ಸೈನ್ಯಗಳು ಆಕೆಯನ್ನು ಸುತ್ತಿ ಹೋಗಬೇಕು. ಒಲೆ ಆರಿದರೆ, ಕೊಪ್ಪರಿಗೆ ಉರುಳಿದರೆ ಎಲ್ಲ ಮೊದಲಿನಿಂದ. ಕಾದಾಟ ಮುಗಿದ ಮೇಲೆ ಕಾದಿದವರೆಲ್ಲ, ಗೆದ್ದವನ ಪಕ್ಕದಲ್ಲಿ ಸೋತವನು, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಕಡೆಗೆ ನಾನು ಎರಡೂ ಕಡೆಯ ನಾಯಕರನ್ನು ಕೇಳುತ್ತೇನೆ, "ನಿಮ್ಮವರದೆಲ್ಲಾ ಹೊಟ್ಟಿ ತುಂಬಿತೇನ್ರಿ?" ಇಬ್ಬರೂ ತುಂಬಿತು ಎಂದರೆ ಸೌಟಿನಿಂದ ಕೊಪ್ಪರಿಗೆಯ ಅಂಚಿಗೆ ಬಡಿಯುತ್ತೇನೆ. ಆ ಸದ್ದು ಕೇಳಿದ ಮೇಲೆಯೇ ಯುದ್ಧ ಮುಗಿದಂತೆ. ಹೊತ್ತು ಮುಳುಗುವುದರೊಳಗೆ ಸೌಟು ಬಡಿಯದಿದ್ದರೆ ಎಲ್ಲ ಮುಂದಿನ ವರ್ಷಕ್ಕೆ, ಅಲ್ಲಿಯವರೆಗೆ ಯಾರ ನೆಲವೂ ಕದಲುವಂತಿಲ್ಲ. ನಮ್ಮ ಅತ್ತೆಯ ಕಾಲದಲ್ಲಿ ಒಬ್ಬ ನಾಯಕ ಸಿಟ್ಟಾಗಿ ಪಂಕ್ತಿಯ ನಡುವೆಯೇ ಎದ್ದು ಹೋದನಂತೆ. ಅಂದಿನಿಂದ ನಮ್ಮೂರಲ್ಲಿ ಯಾವ ಜಗಳ ಮುಂದಕ್ಕೆ ಹೋದರೂ ಹುಗ್ಗಿ ಉಳಿಯಿತು ಎನ್ನುತ್ತೇವೆ.

ಆದರೆ ಹಾಗೆ ಉಳಿಯುವುದು ಅಪರೂಪ. ಬಿಸಿ ಹುಗ್ಗಿಯ ಮೇಲೆ ತುಪ್ಪ ಬಿದ್ದ ಮೇಲೆ ಬಹಳ ಜನ ಮೆತ್ತಗಾಗುತ್ತಾರೆ. 'ಬಾವಿ ನಿಮಗಿರಲಿ ಮಾರಾಯ, ದಾರಿ ನಮಗ ಬಿಡು' ಎಂದು ಎಡಗಡೆಯವನು ಬಲಗಡೆಯವನಿಗೆ ಹೇಳುತ್ತಾನೆ, ನಾಯಕರು ಎಲೆಯ ಮೇಲಿಂದಲೇ ತಲೆಯಾಡಿಸುತ್ತಾರೆ. ಎಷ್ಟೋ ಊರುಗಳು ಮಡ್ಡಿಯಲ್ಲಿ ಕೈತಪ್ಪಿ ಹೋಗಿ ಪಂಕ್ತಿಯಲ್ಲಿ ಉಳಿದಿವೆ. ನನಗೆ ಮಾತ್ರ ಒಂದು ಕಟ್ಟು. ಬಡಿಸುವಾಗ ಪಂಕ್ತಿಯಲ್ಲಿದ್ದವರ ಹತ್ತಿರ ನನಗಾಗಿ ಏನನ್ನೂ ಬೇಡಬಾರದು, ನನ್ನ ಸುಖದುಃಖ ತೆಗೆಯಬಾರದು. ಅತ್ತೆ ಸೌಟು ಕೈಗೆ ಕೊಡುವಾಗ ಇದೊಂದೇ ಮಾತಿಗೆ ಆಣೆ ಹಾಕಿಸಿಕೊಂಡಿದ್ದರು.

ಕಾಲ ಬದಲಾದಂತೆ ಆಯುಧವೂ ಬದಲಾಯಿತು, ನಾವೂ ಹೊಂದಿಕೊಂಡೆವು. ಕುದುರೆ ಬಂದಾಗ ಹುಲ್ಲು ಮಾರಿದೆವು. ಟ್ಯಾಂಕು ಬಂದಾಗ ಅದರ ಬೆನ್ನ ಮೇಲೆ ಮೆಣಸಿನಕಾಯಿ ಒಣಹಾಕಿದೆವು. ನಮ್ಮೂರ ಚಹಾದ ಅಂಗಡಿಯಲ್ಲಿ ಕೂತರೆ ರಡಾರು, ಜಾಮಿಂಗು, ಶಬ್ದಕ್ಕಿಂತ ಜೋರಾಗಿ ಹೋಗುವ ಕ್ಷಿಪಣಿ ಎಲ್ಲದರ ಬಗ್ಗೆಯೂ ಜಗಳ ಕೇಳಬಹುದು. ವಾಯುದಾಳಿಯನ್ನು ತಡೆಯುವುದು ಹೇಗೆ ಎಂದು ಕ್ಷೌರದಂಗಡಿಯವನು ಅರ್ಧ ಗಡ್ಡ ಕೆರೆದು ನಿಲ್ಲಿಸಿ ವಿವರಿಸುತ್ತಾನೆ.

ಈ ಸಲ ಮೂಡಣ ದೇಶಕ್ಕೂ ಪಡುವಣ ದೇಶಕ್ಕೂ ಜಗಳ ಬಿದ್ದಿತ್ತು. ಯಾವ ಜಾಗಕ್ಕಾಗಿ ಎಂದು ಮಡ್ಡಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು, ಆ ಗೆರೆಯಲ್ಲಿ ಒಂದು ಹೊಳೆ ತಿರುಗಿ ಹೋಗಿತ್ತು. ಆ ಹೊಳೆಯ ತಿರುವು ನನಗೆ ಗೊತ್ತು. ಅದರ ದಂಡೆಯ ಊರಿಗೇ ನನ್ನ ಮಗಳು ಕಸ್ತೂರಿಯನ್ನು ಕೊಟ್ಟಿದ್ದೇನೆ. ಅಲ್ಲಿ ಅವಳು ಅಂಗನವಾಡಿ ಟೀಚರು. ಅಂದು ಸಂಜೆಯೇ ಅವಳ ಫೋನ್ ಬಂತು.

"ಅವ್ವಾ, ಯಾರು ಗೆದ್ದರೂ ನಮ್ಮನ್ನ ಎಬ್ಬಸ್ತಾರಂತ. ಇಲ್ಲಿ ಕ್ಷಿಪಣಿ ನಿಲ್ಲಸ್ತಾರಂತ. ಎರಡೂ ಕಡಿಯವರು ಬಂದು ಅಳತಿ ಮಾಡಿಕೊಂಡು ಹೋಗ್ಯಾರ. ನಮ್ಮ ಅಂಗನವಾಡಿ ಗ್ವಾಡಿಗೆ ಕೆಂಪು ಬಣ್ಣದ ಗುರುತು ಹಾಕ್ಯಾರ."

"ಹಾಕಲಿ ಬಿಡು. ಗ್ವಾಡಿಗೆ ಬಣ್ಣ ಹಚ್ಚಿದರ ಊರು ಅವರದಾಗತೈತೇನು? ಪಂಕ್ತಿ ಐತಲ್ಲ. ಅಲ್ಲಿ ಕುಂದರೋರೆಲ್ಲಾ ನಿನ್ನ ಎತ್ತಿ ಆಡಿಸಿದವರು. ನಾ ಬಾಯಿ ತೆಗಿಯಂಗಿಲ್ಲ ಖರೆ, ಅವರಿಗೇನು ಬಾಯಿ ಇಲ್ಲೇನು?"

ಧೈರ್ಯ ಹೇಳಿದ್ದೇನೋ ಹೇಳಿದೆ, ಆ ಧೈರ್ಯ ನನಗೂ ಇತ್ತು. ದ್ಯಾಮಣ್ಣ ಎರಡು ತುತ್ತಿನ ನಡುವೆ ಒಂದು ಮಾತು ಎತ್ತಿದರೆ ಸಾಕು, ಇಡೀ ಪಂಕ್ತಿ ಹೌದೆನ್ನುತ್ತದೆ. ನಾನು ನಿಶ್ಚಿಂತೆಯಿಂದ ಗೋಧಿ ಕುಟ್ಟಿಸಲು ಹೋದೆ.

ಮಾರನೆಯ ದಿನ ಲಾರಿಗಳು ಬಂದವು. ಮೂಡಣದ ನಾಯಕ ಕರ್ನಲ್ ದಿವಾಕರ, ಕನ್ನಡಕದ ತೆಳ್ಳನೆಯ ಮನುಷ್ಯ. ಪಡುವಣದ ನಾಯಕಿ ಮೇಜರ್ ಸುಲೋಚನಾ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವವಳು, ಆದರೆ ನಗುವವಳಲ್ಲ. ನಮ್ಮ ಗಂಡಸರು ತಲೆಗೆ ರುಮಾಲು ಸುತ್ತಿ ಸಾಲಾಗಿ ನಿಂತರು. ಲಾರಿಗಳಿಂದ ಇಳಿದದ್ದು ಬರೀ ಪೆಟ್ಟಿಗೆ. ಪೆಟ್ಟಿಗೆಯಿಂದ ಎದ್ದದ್ದು ಬರೀ ಯಂತ್ರ. ರೆಕ್ಕೆಯವು, ಗರಗರ ತಿರುಗುವವು, ನಾಯಿಯ ಹಾಗೆ ನಾಲ್ಕು ಕಾಲಲ್ಲಿ ನಡೆಯುವವು.

"ಈ ಸಲ ನಿಮ್ಮೂರಿನವರು ಯಾರೂ ಬೇಕಾಗಿಲ್ಲ" ಎಂದ ಕರ್ನಲ್. "ಮುಂದಿನ ಯುದ್ಧಗಳಲ್ಲಿ ಸೈನಿಕರು ಇರೋದಿಲ್ಲ. ಇವೇ ನೋಡ್ತವೆ, ಇವೇ ಗುರುತು ಹಿಡೀತವೆ, ಇವೇ ಹೊಡೀತವೆ."

ದ್ಯಾಮಣ್ಣ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅವನ ಮುಖ ನೋಡಲಾಗಲಿಲ್ಲ. ಪಂಕ್ತಿಯಲ್ಲಿ ಕೂರುವವರೇ ಇಲ್ಲದಿದ್ದರೆ ನನ್ನ ಕಸ್ತೂರಿಯ ಮಾತು ಎತ್ತುವವರು ಯಾರು?

ಕರ್ನಲ್ ನನ್ನ ಚಪ್ಪರಕ್ಕೂ ಬಂದ. ಮರ್ಯಾದೆಯವನು, ಬೂಟು ಹೊರಗೇ ಬಿಟ್ಟು ಬಂದ. "ಹೆದರಬೇಡಿ ಅಮ್ಮಾ. ನಮ್ಮ ಯಂತ್ರಗಳ ಗುರಿ ಎಷ್ಟು ಸೂಕ್ಷ್ಮ ಅಂದ್ರೆ, ನಿಮ್ಮ ಒಗ್ಗರಣೆಯ ಸಾಸಿವೆ ಕೂಡ ಅಲುಗೋದಿಲ್ಲ. ಯಾರಿಗೂ ನೋವಿಲ್ಲ."

"ಹೊಡಿಯೋರಿಗೆ ನೋವಿಲ್ಲ ಅನ್ರಿ. ಈ ಮಡ್ಡಿ ಮ್ಯಾಲ ತಗಲಿದರ ಅರಿಷಿಣ ಆಗತೈತಿ ಸಾಹೇಬ್ರ. ಹೊರಗಿನ ನೆಲದ ಮ್ಯಾಲ ಏನಾಗತೈತಿ?"

ಅವನು ಕನ್ನಡಕ ಒರೆಸಿಕೊಂಡು, "ಹೊರಗೆ ಹೊಡೆಯೋ ಪ್ರಸಂಗವೇ ಬರಬಾರದು ಅಂತಾನೇ ಅಲ್ವಾ ಇಲ್ಲಿಗೆ ಬರೋದು" ಎಂದ. ಆ ಮಾತು ನಿಜವೇ ಆಗಿತ್ತು. ಆದರೂ ಆ ರಾತ್ರಿ ನನಗೆ ಊಟ ರುಚಿಸಲಿಲ್ಲ.

ಯುದ್ಧದ ದಿನ ಬೆಳಿಗ್ಗೆ ಒಲೆ ಹೂಡಿದೆ. ತಲೆಯೆಲ್ಲ ಮಗಳ ಊರಿನಲ್ಲಿ, ಕೈ ಮಾತ್ರ ತನ್ನ ಪಾಡಿಗೆ ತಾನು ಅಳೆಯಿತು, ಸುರಿಯಿತು, ಕಲಸಿತು. ಬೆಲ್ಲ ಕರಗಿ ಘಮ್ಮೆನ್ನುವ ಹೊತ್ತಿಗೆ ದ್ಯಾಮಣ್ಣ ನೀರು ತಂದವನು ಕೊಡ ಇಳಿಸುವುದನ್ನೂ ಮರೆತು ನಿಂತ.

"ವೈನೀ! ಇದೇನ್ರಿ ಇದು?"

"ಏನು?"

"ಎರಡು ಕೊಪ್ಪರಗಿ ಹುಗ್ಗಿ! ಈ ಕಡೆ ಬುಟ್ಟಿಗಟ್ಟಲೆ ಅನ್ನ! ಮಡ್ಡಿ ಮ್ಯಾಲ ಒಂದು ನರಪಿಳ್ಳಿ ಇಲ್ಲ. ಉಣ್ಣೋರು ಯಾರು? ಆ ಹಾರೂ ಡಬ್ಬಿ ಉಣ್ತಾವೇನು?"

ಅಯ್ಯೋ ಶಿವನೇ ಎಂದು ಅಲ್ಲೇ ಕೂತುಬಿಟ್ಟೆ. ಪ್ರತಿ ಸಲ ಇಡೀ ದಂಡಿಗೆ ಮಾಡಿದ ಕೈಗೆ ಈ ಸಲ ಇಬ್ಬರೇ ನಾಯಕರು ಎಂದು ಹೇಳಿದವರಾರು? ನಡುಮನೆಯ ಅನ್ನ ವ್ಯರ್ಥವಾದದ್ದು ನಮ್ಮ ಮನೆತನದಲ್ಲೇ ಇಲ್ಲ. ಕಾದಿದವರು ಬಿಟ್ಟು ಬೇರೆಯವರು ಸೌಟಿಗೆ ಮುಂಚೆ ಒಂದು ಅಗುಳು ಮುಟ್ಟುವಂತಿಲ್ಲ. ಊರ ಹೆಂಗಸರು ಎಷ್ಟು ಕಿಸಿಕಿಸಿ ನಗುತ್ತಾರೆಂದು ನೆನೆದು ಮೈಯೆಲ್ಲ ಉರಿಯಿತು.

"ಮಾಡೀನಿ, ಏನೀಗ? ನೀರು ಇಳಿಸು ಮೊದಲು" ಎಂದು ಅವನ ಮೇಲೆ ರೇಗಿದೆ. ಆದರೆ ಅವನು ಹೋದ ಮೇಲೆ ಅವನ ಮಾತು ಹೋಗಲಿಲ್ಲ. ಹುಗ್ಗಿ ತಿರುವುತ್ತ ತಿರುವುತ್ತ ಅದನ್ನೇ ತಿರುವಿದೆ. ಕಾದಿದವರು ಉಣ್ಣಬೇಕು. ಕಾದುವುದು ಡಬ್ಬಿಗಳು. ಸರಿ ಹಾಗಾದರೆ. ಬಡಿಸುವುದು ನನ್ನ ಹಕ್ಕು, ಅದನ್ನು ಯಾವ ಕರ್ನಲ್ಲನೂ ಕಿತ್ತುಕೊಳ್ಳಲಾರ. ಸೆರಗು ಬಿಗಿದು ಎದ್ದೆ.

ಯುದ್ಧವೋ, ಮಧ್ಯಾಹ್ನ ಇಳಿದ ಮೇಲೆ ಶುರುವಾಗಿ ಬೇಳೆ ಬೇಯುವಷ್ಟರಲ್ಲಿ ಮುಗಿಯಿತು. ಬೇರೆ ವರ್ಷ ಅದೆಷ್ಟು ಗದ್ದಲ, ಅದೆಷ್ಟು ಬೈಗುಳ! ನಡುವೆ ಓಡಿ ಬಂದು 'ಫಕೀರವ್ವಾ, ಒಂದು ಗುಟುಕು ನೀರು' ಎನ್ನುವವರು, ಹಳದಿಯಾದವನನ್ನು ಅಣಕಿಸುವವರು. ಈ ಸಲ ತಲೆಯ ಮೇಲೆ ಜೇನುಹುಳದಂತೆ ಗುಂಯ್ ಎಂದಿತು, ಪಟಪಟ ಎಂದಿತು, ಅಷ್ಟೆ. ಪಡುವಣದ ಯಂತ್ರಗಳು ಒಂದೊಂದಾಗಿ ಹಳದಿಯಾಗಿ ಉರುಳಿದವು. ಕರ್ನಲ್ ಹೇಳಿದ್ದು ಸುಳ್ಳಲ್ಲ, ನನ್ನ ಒಲೆಯ ಬೂದಿ ಕೂಡ ಹಾರಲಿಲ್ಲ. ಸುಣ್ಣದಲ್ಲಿ ಬರೆದ ಹೊಳೆಯ ತಿರುವಿನ ಮೇಲೆ ಮೂಡಣದ ಯಂತ್ರವೊಂದು ನಾಲ್ಕು ಕಾಲೂರಿ ನಿಂತಿತು. ಅದು ನಿಂತದ್ದು ಸರಿಯಾಗಿ ನನ್ನ ಮಗಳ ಊರಿನ ಮೇಲೆ.

"ಸೌಟು ಬಡೀರಿ ಅಮ್ಮಾ. ನಮ್ಮವರ ಹೊಟ್ಟೆ ತುಂಬಿತು ಅಂತ ಇಟ್ಕೊಳ್ಳಿ" ಎಂದ ಕರ್ನಲ್, ಗಡಿಯಾರ ನೋಡಿಕೊಳ್ಳುತ್ತ.

"ಬಡಸದ ಹೆಂಗ ತುಂಬತೈತ್ರಿ? ಕಾದಿದವರನ್ನ ಕುಂದರಸ್ರಿ."

"ಕಾದಿದ್ದು ಯಂತ್ರಗಳು."

"ನಡಿಸಿದವರು ಯಾರಾದರೂ ಇರಬೇಕಲ್ರಿ?"

"ಯಾರೂ ಇಲ್ಲ. ಎಲ್ಲ ಅವೇ ಮಾಡ್ತವೆ, ಅದೇ ಇವುಗಳ ಹೆಚ್ಚುಗಾರಿಕೆ."

"ಹಂಗಾರ ಅವನ್ನೇ ಕುಂದರಸ್ರಿ. ಬಡಸ್ತೀನಿ. ಆಮ್ಯಾಲ ನಾ ಕೇಳ್ತೀನಿ, ನೀವು ಹೇಳ್ರಿ. ನೀವು ತುಂಬಿತು ಅಂದರ ಸೌಟು ಬಡೀತೀನಿ, ನನ್ನ ತಕರಾರಿಲ್ಲ."

ಅವನು ಮೇಜರಳ ಕಡೆ ನೋಡಿದ. ಆಕೆಯ ಕೆನ್ನೆಯಲ್ಲಿ ಮೊದಲ ಸಲ ಗುಳಿ ಬಿತ್ತು. "ಪದ್ಧತಿ ಪದ್ಧತಿಯೇ ಕರ್ನಲ್" ಎಂದಳು.

ಹಾಗೆ ಕೂತಿತು ನೋಡಿ ಪಂಕ್ತಿ. ರೆಕ್ಕೆ ಮಡಚಿದವು, ಕಾಲು ಮಡಚಿದವು, ಒಂದು ಹಳದಿ, ಒಂದು ಬೂದು, ಒಂದು ಹಳದಿ, ಒಂದು ಬೂದು. ಪ್ರತಿಯೊಂದರ ಮುಂದೆ ಎಲೆ. ಊರೆಲ್ಲ ಸುತ್ತ ನೆರೆದಿತ್ತು. ನಾನು ಸೆರಗು ಸಿಕ್ಕಿಸಿ ಬಡಿಸುತ್ತ ನಡೆದೆ, ಒಂದನ್ನೂ ಬಿಡಲಿಲ್ಲ. ಹುಗ್ಗಿ, ಅದರ ಮೇಲೆ ಧಾರಾಳ ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. "ನಾಚಬ್ಯಾಡ್ರಿ, ಸಾವಕಾಶ ಉಣ್ರಿ" ಎಂದೆ. "ಈ ಹಳದಿಯವರಿಗೆ ಇನ್ನೊಂದು ಸೌಟು ಹಾಕ್ತೀನಿ, ದಣಿದಾರ ಪಾಪ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ದ್ಯಾಮಣ್ಣನಂತೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

ಪಂಕ್ತಿಯ ತುದಿ ಮುಟ್ಟಿ ತಿರುಗಿ ನೋಡಿದಾಗ ನಗು ನಿಂತಿತ್ತು. ಯಾರೂ ನಿಲ್ಲಿಸಿದ್ದಲ್ಲ, ತಾನೇ ನಿಂತಿತ್ತು. ಸಾರು ಸುರ್ರೆನ್ನಿಸುವ ಸದ್ದಿಲ್ಲ, ಬೆರಳು ನೆಕ್ಕುವ ಸದ್ದಿಲ್ಲ, 'ಉಪ್ಪು ತಾ' ಎನ್ನುವವರಿಲ್ಲ. ಸಾಲಾಗಿ ಬಿಸಿ ಅನ್ನ ಹಬೆಯಾಡುತ್ತಿತ್ತು, ಅದರ ಹಿಂದೆ ಗಾಜಿನ ಕಣ್ಣುಗಳು. ಆ ಪಂಕ್ತಿಯನ್ನು ನೋಡಿ ನನಗೇ ಭಯವಾಯಿತು. ಇಷ್ಟು ವರ್ಷ ಬಡಿಸಿದ್ದೇನೆ, ಎಂದೂ ಹೀಗಾಗಿರಲಿಲ್ಲ.

ಮೇಜರ್ ಸುಲೋಚನಾ ಬೆಲ್ಟು ಸಡಿಲಿಸಿ ಪಂಕ್ತಿಯಲ್ಲಿ ಕೂತಳು. "ನನಗೂ ಒಂದು ಎಲೆ ಹಾಕಿ. ಸೋತರೂ ಹಸಿವಾಗುತ್ತೆ." ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಕರ್ನಲ್ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಆಕೆಯ ಪಕ್ಕದಲ್ಲಿ ಕೂತ, ಎರಡು ಯಂತ್ರಗಳ ನಡುವೆ ಮೊಣಕಾಲು ಮಡಚಿಕೊಂಡು. ಹುಗ್ಗಿ ಬಿಸಿಯಿತ್ತು, ಊದಿ ಊದಿ ತಿಂದ. ಮೂರನೆಯ ತುತ್ತಿಗೆ ಅವನ ಹೆಗಲು ಇಳಿದದ್ದನ್ನು ನಾನು ನೋಡಿದೆ. ನನಗೆ ಹೆಗಲು ಓದಲು ಬರುತ್ತದೆ.

"ನೀವು ಆ ಜಾಗ ನೋಡಿದ್ದೀರಾ?" ಎಂದು ಕೇಳಿದಳು ಮೇಜರ್.

"ಪರದೆಯ ಮೇಲೆ ನೋಡಿದ್ದೇನೆ. ಒಳ್ಳೆ ಎತ್ತರ, ಮೂರೂ ಕಡೆ ಕಾಣುತ್ತೆ."

"ನಾನು ಅಳತೆಗೆ ಹೋಗಿದ್ದೆ. ಒಂದು ಅಂಗನವಾಡಿ ಇದೆ. ಗೋಡೆಗೆ ಕೆಂಪು ಗುರುತು ಹಾಕಿಸ್ತಾ ನಿಂತಿದ್ದೆ. ಟೀಚರು ಹೊರಗೆ ಬಂದು ಜಗಳ ಆಡ್ತಾಳೆ ಅಂದ್ಕೊಂಡೆ. ಒಂದು ಲೋಟ ನೀರು ಕೊಟ್ಟು, 'ಮಕ್ಕಳು ಉಣ್ಣಾಕ ಕುಂತಾವ, ಸ್ವಲ್ಪ ಸದ್ದು ಮಾಡಬ್ಯಾಡ್ರಿ' ಅಂದಳು. ಅಷ್ಟೇ."

ನನ್ನ ಸೌಟಿನ ತುಪ್ಪ ಎಲೆಯ ಹೊರಗೆ ಚೆಲ್ಲಿತು. ಆ ನೀರು ಕೊಟ್ಟ ಕೈಗೆ ಬಳೆ ತೊಡಿಸಿದವಳು ನಾನು, ಆ ಮಾತು ಕಲಿಸಿದವಳು ನಾನು. ಅತ್ತೆಯ ಆಣೆ ಅಷ್ಟು ಭಾರವಾಗಿದ್ದದ್ದು ಅಂದೊಂದೇ ದಿನ.

ಕರ್ನಲ್ ತಲೆಯೆತ್ತಿ ಚೆಲ್ಲಿದ ತುಪ್ಪವನ್ನು ನೋಡಿದ, ಆಮೇಲೆ ನನ್ನ ಮುಖ. "ಅಮ್ಮಾ, ಅಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?"

"ಬಡಸೂವಾಗ ನಾ ನನ್ನ ಮಾತು ಆಡಂಗಿಲ್ರಿ. ಸಾರು ಬೇಕೇನ್ರಿ?"

"ಹಾಕಿ" ಎಂದ, ಮೆಲ್ಲಗೆ.

ಅವರಿಬ್ಬರೂ ಬಹಳ ಹೊತ್ತು ಕೂತಿದ್ದರು. ಏನೇನೋ ಮಾತಾಡಿದರು. ಅವನ ತಾಯಿಯ ಮಂಡಿನೋವು, ಇವಳ ಊರಿನ ಬದನೆಕಾಯಿ. ಇಷ್ಟೇ ಜನ ಕೂತಿದ್ದರೂ ಪಂಕ್ತಿ ಪಂಕ್ತಿಯಾಯಿತು. ಹೊತ್ತು ಗಾಣದ ಮಾಡಿನ ಹಿಂದೆ ಇಳಿಯತೊಡಗಿದಾಗ ನಾನು ಕೊಪ್ಪರಿಗೆಯ ಪಕ್ಕ ನಿಂತೆ. ಸೌಟನ್ನು ಗಟ್ಟಿಯಾಗಿ ಹಿಡಿದೆ.

"ಕರ್ನಲ್ ಸಾಹೇಬ್ರ, ನಿಮ್ಮವರದೆಲ್ಲಾ ಹೊಟ್ಟಿ ತುಂಬಿತೇನ್ರಿ?"

ಅವನ ಹಿಂದೆ ನಿಂತಿದ್ದ ಅಧಿಕಾರಿಯೊಬ್ಬ ಬಗ್ಗಿ, "ತುಂಬಿತು ಅಂದುಬಿಡಿ ಸಾರ್, ಮುಗೀತು" ಎಂದು ಪಿಸುಗುಟ್ಟಿದ. ಕರ್ನಲ್ ಪಂಕ್ತಿಯ ಉದ್ದಕ್ಕೂ ನೋಡಿದ. ಎಲೆ ಎಲೆಯಲ್ಲೂ ಹುಗ್ಗಿ ಆರಿ ಕೆನೆಗಟ್ಟಿತ್ತು, ನೊಣ ಕೂತಿತ್ತು.

"ನನ್ನದು ತುಂಬಿತು ಅಮ್ಮಾ" ಎಂದ. "ಇವರು ಕೈಯೇ ಹಚ್ಚಿಲ್ಲ."

"ಸಾರ್!" ಎಂದ ಹಿಂದಿನವನು.

"ಕಣ್ಣಿಗೆ ಕಾಣ್ತಿದೆಯಲ್ಲಯ್ಯಾ" ಎಂದು ಗದರಿ, ಕರ್ನಲ್ ತನ್ನ ಎಲೆಯನ್ನು ಮಡಚಿ ಎದ್ದು ಕೈ ತೊಳೆಯಲು ಹೋದ. ಮೇಜರ್ ತಲೆ ತಗ್ಗಿಸಿ ಕೊನೆಯ ತುತ್ತು ತಿಂದಳು. ನಾನು ಸೌಟನ್ನು ಕೊಪ್ಪರಿಗೆಯೊಳಗೇ ಬಿಟ್ಟೆ. ಹೊತ್ತು ಮುಳುಗಿತು.

ಮುಗಿಯದ ಯುದ್ಧದ ಅಡುಗೆ ಊರಿನದು. ಎಲ್ಲರಿಗಿಂತ ಮೊದಲು ಎಲೆ ಹಿಡಿದು ಕೂತವನು ದ್ಯಾಮಣ್ಣ. "ವೈನೀ, ಖರೆ ಹೇಳ್ರಿ, ಎರಡು ಕೊಪ್ಪರಗಿ ಬೇಕಂತಲೇ ಮಾಡಿದ್ರಿ ಹೌದಿಲ್ಲೋ?"

"ಮತ್ತೇನು, ನಿನ್ನಂಗ ನಾನೂ ಯೋಚನಿ ಇಲ್ಲದ ಮಾಡ್ತೀನೇನು?" ಎಂದೆ. ಅದು ಶುದ್ಧ ಸುಳ್ಳು. ಆದರೆ ಅಷ್ಟು ಗೆದ್ದವಳು ಅಷ್ಟಾದರೂ ಸುಳ್ಳು ಹೇಳಬಾರದೇ?

ಎಲ್ಲರ ಊಟವಾದ ಮೇಲೆ ಮಗಳಿಗೆ ಫೋನ್ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದಳು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳೆಂದು ಕಾಣುತ್ತದೆ. ಅವಳ ಉಸಿರು ಕೇಳುತ್ತಿತ್ತು.

"ಹುಗ್ಗಿ ಉಳೀತವ್ವಾ" ಎಂದೆ.

ಅವಳು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು? ಮೂಗು ಒರೆಸಿಕೊಂಡು ಅವಳೇ ಮೊದಲು ಮಾತಾಡಿದಳು. "ಅವ್ವಾ, ಇವರೇನು ಸುಮ್ಮನಿರ್ತಾರೇನು? ಮುಂದಿನ ವರ್ಷ ಬಾಯಿ ಇರೂ ಯಂತ್ರಾನೇ ಮಾಡಿಕೊಂಡು ಬಂದರ?"

"ಬರಲಿ ಬಿಡು. ಇನ್ನೊಂದು ಕೊಪ್ಪರಗಿ ಇಟ್ಟರಾತು. ಬಾಯಿ ಅಂತ ಬಂದ ಮ್ಯಾಲ, ಪಕ್ಕದ ಎಲಿಯವರ ಕೂಡ ಮಾತಾಡದ ಇರತಾವೇನು?"

ಅವಳು ಅಳುತ್ತಲೇ ನಕ್ಕಳು. ಬೆಳಿಗ್ಗೆ ಮಕ್ಕಳಿಗೆ ಉಪ್ಪಿಟ್ಟು ಮಾಡಬೇಕು, ರವೆ ಹುರಿಯಬೇಕು ಎಂದು ಫೋನ್ ಇಟ್ಟಳು. ನಾನು ಕೊಪ್ಪರಿಗೆ ತಿಕ್ಕಲು ಎದ್ದೆ.